ಯಾರ ಪಕ್ಕ ಯಾರ ಮನೆ: ವಾಸದ ಅಂತರವನ್ನು ಅಳೆಯುವ ಹಳೆಯ ಜಗಳ

ಕಾರ್ಕಳ ಪೇಟೆ ದಾಟಿ ಜೋಡುರಸ್ತೆಯ ಕಡೆ ಹೊರಟವರಿಗೆ ಪುರಸಭೆ ಎಲ್ಲಿ ಮುಗಿಯಿತು, ಕುಕ್ಕುಂದೂರು ಗ್ರಾಮ ಪಂಚಾಯಿತಿ ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ಕಾಣುವುದಿಲ್ಲ. ಜನಗಣತಿಯ ಪುಸ್ತಕದಲ್ಲಿ ಮಾತ್ರ ಆ ಗೆರೆ ಸ್ಪಷ್ಟವಾಗಿದೆ. ಪುರಸಭೆಯ ಕಡೆ 23 ವಾರ್ಡುಗಳಿವೆ. ಪ್ರತಿ ವಾರ್ಡಿನಲ್ಲಿ ಎಷ್ಟು ಜನ, ಅವರಲ್ಲಿ ಪರಿಶಿಷ್ಟ ಜಾತಿಯವರೆಷ್ಟು, ಪಂಗಡದವರೆಷ್ಟು ಎಂದು ಬೇರೆ ಬೇರೆ ಸಾಲಿನಲ್ಲಿ ಅಚ್ಚಾಗಿದೆ. ಕುಕ್ಕುಂದೂರಿನ ಕಡೆ ಇಡೀ ಗ್ರಾಮಕ್ಕೆ ಸೇರಿ ಒಂದೇ ಸಾಲು. ಹಾಗಾಗಿ ಯಾರ ಪಕ್ಕ ಯಾರು ವಾಸಿಸುತ್ತಾರೆ ಎಂಬ ಪ್ರಶ್ನೆಯನ್ನು ರಸ್ತೆಯ ಒಂದು ತುದಿಯಲ್ಲಿ ಅರೆಬರೆಯಾಗಿಯಾದರೂ ಕೇಳಬಹುದು, ಇನ್ನೊಂದು ತುದಿಯಲ್ಲಿ ಕೇಳುವಂತೆಯೇ ಇಲ್ಲ. ಧರ್ಮದ ಲೆಕ್ಕ ಪಟ್ಟಣ, ತಾಲೂಕುಗಳ ಮಟ್ಟದಲ್ಲಿ ನಿಂತುಬಿಡುತ್ತದೆ. ಜಾತಿಯ ಪೂರ್ಣ ಲೆಕ್ಕ 1931ರ ಗಣತಿಯೊಂದಿಗೇ ನಿಂತಿದೆ.

ಜಾತಿ, ಧರ್ಮ, ವರ್ಗ, ಭಾಷೆ ಇವುಗಳಲ್ಲಿ ಯಾವುದಾದರೂ ಒಂದನ್ನು ಹಿಡಿದು ಜನ ಬೇರೆ ಬೇರೆ ಜಾಗಗಳಲ್ಲಿ ನೆಲೆಸುವುದನ್ನು ಸಮಾಜವಿಜ್ಞಾನಿಗಳು ವಾಸದ ಪ್ರತ್ಯೇಕತೆ ಎನ್ನುತ್ತಾರೆ. ಅಗ್ರಹಾರ, ಕೇರಿ, ಮೊಹಲ್ಲಾ, ಕಾಲನಿಗಳ ನಡುವೆ ಬೆಳೆದ ನಮಗೆ ಅದು ಇದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಎಷ್ಟಿದೆ, ಕರಗುತ್ತಿದೆಯೇ, ಹಳ್ಳಿಗಿಂತ ನಗರ ವಾಸಿಯೇ ಎಂಬಲ್ಲಿ ಜಗಳ. ಹಳ್ಳಿ ಬಿಟ್ಟು ನಗರ ಸೇರಿದರೆ ಜಾತಿಯ ಗೆರೆ ಮಸುಕಾಗುತ್ತದೆ ಎಂಬ ನಿರೀಕ್ಷೆ ಅಂಬೇಡ್ಕರರ ಕಾಲದಿಂದ ಇದೆ. ಅದು ಎಷ್ಟು ಈಡೇರಿತು ಎಂದು ನೋಡಬೇಕಾದರೆ ಅಳೆಯಬೇಕು. ಅಳೆಯಲು ಹೊರಟವರೆಲ್ಲ ಕೊನೆಗೆ ಬಂದು ಮುಟ್ಟುವುದು ಒಂದೇ ತೊಡಕನ್ನು: ಉತ್ತರದ ಅರ್ಧ ಭಾಗ ಜನರಲ್ಲಿರುತ್ತದೆ, ಉಳಿದರ್ಧ ಗಣತಿಯವರು ಎಳೆದ ಗೆರೆಯಲ್ಲಿರುತ್ತದೆ. ಮನೆಗಳು ಚೆಲ್ಲಾಪಿಲ್ಲಿಯಾಗಿರುವ ನಮ್ಮ ಕರಾವಳಿಯಲ್ಲಿ ಈ ತೊಡಕು ಇಮ್ಮಡಿ.

ನಕ್ಷೆಯಿಂದ ಸಂಖ್ಯೆಗೆ

ಗೋಡೆ ಕಟ್ಟಿ ಪ್ರತ್ಯೇಕಿಸಿದ ಕಡೆ ಅಳತೆಯ ಪ್ರಶ್ನೆಯೇ ಇರಲಿಲ್ಲ. 1516ರಲ್ಲಿ ವೆನಿಸ್ ಗಣರಾಜ್ಯ ಯಹೂದಿಗಳನ್ನು ಒಂದು ದ್ವೀಪದಂಥ ಜಾಗಕ್ಕೆ ಸೇರಿಸಿ ರಾತ್ರಿ ಬಾಗಿಲು ಹಾಕಿಸಿತು. ಅಲ್ಲಿ ಯಾರು ಒಳಗೆ, ಯಾರು ಹೊರಗೆ ಎಂದು ತಿಳಿಯಲು ಸೂಚ್ಯಂಕ ಬೇಕಿಲ್ಲ. ಗೋಡೆಯಿಲ್ಲದೆಯೂ ಜನ ಬೇರ್ಪಟ್ಟ ಕೈಗಾರಿಕಾ ನಗರಗಳಲ್ಲಿ ಪ್ರಶ್ನೆ ಹುಟ್ಟಿತು. ಲಂಡನ್ನಿನಲ್ಲಿ ಚಾರ್ಲ್ಸ್ ಬೂತ್ 1889ರಿಂದ ಬೀದಿ ಬೀದಿಗೂ ಬಡತನದ ಬಣ್ಣ ಬಳಿದು ನಕ್ಷೆ ಪ್ರಕಟಿಸಿದ. 1895ರಲ್ಲಿ ಚಿಕಾಗೋದ ಹಲ್ ಹೌಸ್ ಎಂಬ ಸೇವಾಕೇಂದ್ರದ ಮಹಿಳೆಯರು ಯಾವ ಮನೆಯಲ್ಲಿ ಯಾವ ದೇಶದಿಂದ ಬಂದವರು, ವಾರಕ್ಕೆ ಎಷ್ಟು ಕೂಲಿ ಎಂದು ನಕ್ಷೆ ಮಾಡಿದರು. 1899ರಲ್ಲಿ ಡಬ್ಲ್ಯು.ಇ.ಬಿ. ಡುಬಾಯ್ಸ್ ಫಿಲಡೆಲ್ಫಿಯಾದ ಏಳನೇ ವಾರ್ಡನ್ನು ಮನೆ ಮನೆ ಸುತ್ತಿ ಬರೆದ ಪುಸ್ತಕ ಪ್ರಕಟವಾಯಿತು. ಕರಿಯರ ಪ್ರದೇಶವೆಂದು ಹೊರಗಿನವರು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ ಜಾಗದೊಳಗೆ ಎಷ್ಟು ವರ್ಗಗಳಿವೆ ಎಂದು ಅದು ತೋರಿಸಿತು. ನನ್ನ ಮಟ್ಟಿಗೆ ಈ ಮೂರರಲ್ಲಿ ಡುಬಾಯ್ಸ್‌ನದೇ ಇವತ್ತಿಗೂ ಹೆಚ್ಚು ಉಪಯುಕ್ತ. ಆತ ಎಣಿಸಿದ, ಜೊತೆಗೆ ಮಾತಾಡಿಸಿದ.

1920ರ ದಶಕದಲ್ಲಿ ಚಿಕಾಗೋ ವಿಶ್ವವಿದ್ಯಾಲಯದ ರಾಬರ್ಟ್ ಪಾರ್ಕ್ ಮತ್ತು ಅರ್ನೆಸ್ಟ್ ಬರ್ಜೆಸ್ ಇದಕ್ಕೊಂದು ಸಿದ್ಧಾಂತ ಕೊಟ್ಟರು. ಸಮಾಜದಲ್ಲಿರುವ ಅಂತರ ನೆಲದ ಮೇಲಿನ ಅಂತರವಾಗಿ ಕಾಣಿಸಿಕೊಳ್ಳುತ್ತದೆ ಎಂಬುದು ಪಾರ್ಕ್‌ನ ನಂಬಿಕೆ. ಹಾಗಿದ್ದರೆ ನೆಲದ ಅಂತರ ಅಳೆದರೆ ಸಮಾಜದ ಅಂತರವೂ ಸಿಕ್ಕಬೇಕಲ್ಲ? ಇಲ್ಲಿಂದ ಸೂಚ್ಯಂಕಗಳ ಸುಗ್ಗಿ. 1947ರಲ್ಲಿ ಜಾನ್, ಶ್ಮಿಡ್, ಶ್ರಾಗ್ ಎಂಬ ಮೂವರು ಕೆಲವು ಸೂತ್ರಗಳನ್ನು ಮುಂದಿಟ್ಟರು. ಎಂಟು ವರ್ಷಗಳ ಜಗಳದ ನಂತರ, 1955ರಲ್ಲಿ, ಓಟಿಸ್ ಮತ್ತು ಬೆವರ್ಲಿ ಡಂಕನ್ ದಂಪತಿ ಎಲ್ಲವನ್ನೂ ಒರೆಗೆ ಹಚ್ಚಿ ಒಂದನ್ನು ಉಳಿಸಿದರು. ಅದೇ ಭಿನ್ನತಾ ಸೂಚ್ಯಂಕ.

ಅದರ ಅರ್ಥ ಸರಳ. ಒಂದು ಗುಂಪಿನವರು ಎಲ್ಲ ವಾರ್ಡುಗಳಲ್ಲೂ ಸಮನಾಗಿ ಹರಡಿಕೊಳ್ಳಬೇಕಾದರೆ ಅವರಲ್ಲಿ ಎಷ್ಟು ಪಾಲು ಜನ ಮನೆ ಬದಲಿಸಬೇಕು? ಯಾರೂ ಬದಲಿಸಬೇಕಿಲ್ಲವಾದರೆ 0, ಸಂಪೂರ್ಣ ಬೇರೆಯಾಗಿದ್ದರೆ 1. ಸಾಮಾನ್ಯವಾಗಿ 0.3ಕ್ಕಿಂತ ಕೆಳಗಿದ್ದರೆ ಕಡಿಮೆ, 0.6ಕ್ಕಿಂತ ಮೇಲಿದ್ದರೆ ಹೆಚ್ಚು ಎನ್ನುವ ರೂಢಿ. ಕಾರ್ಲ್ ಮತ್ತು ಆಲ್ಮಾ ಟೌಬರ್ 1965ರಲ್ಲಿ ಅಮೆರಿಕದ 207 ನಗರಗಳಿಗೆ ಇದನ್ನು ಹಚ್ಚಿದಾಗ ಕರಿಯರ ವಿಷಯದಲ್ಲಿ ಸರಾಸರಿ 0.86ರ ಆಸುಪಾಸು ಬಂತು. ಒಂದೇ ಸಂಖ್ಯೆ, ಪತ್ರಿಕೆಯ ಶೀರ್ಷಿಕೆಗೂ ನ್ಯಾಯಾಲಯಕ್ಕೂ ಆಗುತ್ತದೆ. ಅದರ ಜನಪ್ರಿಯತೆಗೆ ಕಾರಣವೂ ಅದೇ, ಅಪಾಯವೂ ಅದೇ.

ಯಾರೂ ಮನೆ ಬದಲಿಸದೆ ಇಮ್ಮಡಿಯಾದ ಲೆಕ್ಕ

ಒಂದು ಕಲ್ಪಿತ ಪಟ್ಟಣ ತೆಗೆದುಕೊಳ್ಳೋಣ. ನಾಲ್ಕು ವಾರ್ಡು, ತಲಾ 1,000 ಜನ. ಒಟ್ಟು 400 ದಲಿತರಿದ್ದು ಎರಡು ವಾರ್ಡುಗಳಲ್ಲಿ 40-40, ಮೂರನೆಯದರಲ್ಲಿ 120, ನಾಲ್ಕನೆಯದರಲ್ಲಿ 200 ಮಂದಿ ಇದ್ದಾರೆ. ಭಿನ್ನತಾ ಸೂಚ್ಯಂಕ 0.33 ಬರುತ್ತದೆ. ಪರವಾಗಿಲ್ಲ, ಸಾಧಾರಣ ಎನ್ನಬಹುದು. ಈಗ ಪ್ರತಿ ವಾರ್ಡನ್ನೂ ಎರಡು ಸಮಭಾಗ ಮಾಡೋಣ. ದಲಿತರೆಲ್ಲ ಆಯಾ ವಾರ್ಡಿನ ಒಂದೇ ಭಾಗದಲ್ಲಿದ್ದಾರೆ, ಇನ್ನೊಂದು ಭಾಗದಲ್ಲಿ ಒಬ್ಬರೂ ಇಲ್ಲ ಎಂದುಕೊಂಡರೆ ಅದೇ ಪಟ್ಟಣದ ಸೂಚ್ಯಂಕ 0.61ಕ್ಕೆ ಏರುತ್ತದೆ. ಯಾರೂ ಮನೆ ಬದಲಿಸಲಿಲ್ಲ. ಗೆರೆ ಮಾತ್ರ ಬದಲಾಯಿತು.

ಇದು ಹೊಸ ಶೋಧವೇನಲ್ಲ. ಗೆರೆ ಬದಲಾದರೆ ಲೆಕ್ಕ ಬದಲಾಗುತ್ತದೆ ಎಂದು ಗೆಲ್ಕಿ ಮತ್ತು ಬೀಲ್ 1934ರಲ್ಲೇ ತೋರಿಸಿದ್ದರು. 1980ರ ದಶಕದಲ್ಲಿ ಭೂಗೋಳಶಾಸ್ತ್ರಜ್ಞ ಸ್ಟಾನ್ ಓಪನ್‌ಶಾ ಅದನ್ನು ದೊಡ್ಡ ಸಮಸ್ಯೆಯಾಗಿ ಎತ್ತಿ ನಿಲ್ಲಿಸಿದ. ಆದರೂ ಇವತ್ತಿಗೂ ಎರಡು ಊರುಗಳ ಸೂಚ್ಯಂಕವನ್ನು ಅಕ್ಕಪಕ್ಕ ಇಟ್ಟು ಇದು ಮೇಲು, ಅದು ಕೀಳು ಎನ್ನುವ ವರದಿಗಳು ಬರುತ್ತಲೇ ಇವೆ. ಒಂದರ ವಾರ್ಡಿನಲ್ಲಿ ಸಾವಿರ ಜನ, ಇನ್ನೊಂದರ ವಾರ್ಡಿನಲ್ಲಿ ಮೂವತ್ತು ಸಾವಿರ ಜನ ಇದ್ದಾರೆ ಎಂಬುದು ಅಡಿಟಿಪ್ಪಣಿಯಲ್ಲೂ ಇರುವುದಿಲ್ಲ.

ಡಂಕನ್ ದಂಪತಿಯ ಪಂಥಕ್ಕೆ ಎದುರಾಗಿ ನಿಂತವರ ಪ್ರಶ್ನೆ ಬೇರೆ. ಜನ ಎಷ್ಟು ಸಮನಾಗಿ ಹರಡಿದ್ದಾರೆ ಎಂಬುದಕ್ಕಿಂತ, ಒಬ್ಬ ವ್ಯಕ್ತಿ ತನ್ನ ನೆರೆಯಲ್ಲಿ ಯಾರನ್ನು ಕಾಣುತ್ತಾನೆ ಎಂಬುದು ಮುಖ್ಯವಲ್ಲವೇ? ಇದು ಒಡನಾಟದ ಸೂಚ್ಯಂಕ. 1954ರಲ್ಲೇ ವೆಂಡೆಲ್ ಬೆಲ್ ಇದಕ್ಕೆ ರೂಪ ಕೊಟ್ಟಿದ್ದ, ಸ್ಟಾನ್ಲಿ ಲೀಬರ್ಸನ್ ಮುಂದೆ ಅದನ್ನು ಪ್ರಚುರಪಡಿಸಿದ. ನಮ್ಮ ಕಲ್ಪಿತ ಪಟ್ಟಣದಲ್ಲಿ ಸರಾಸರಿ ದಲಿತನೊಬ್ಬನ ವಾರ್ಡಿನಲ್ಲಿ ನೂರಕ್ಕೆ 14.4 ಮಂದಿ ದಲಿತರು. ಅರ್ಧ ವಾರ್ಡಿನ ಲೆಕ್ಕ ಹಿಡಿದರೆ ಅದು 28.8. ಭಿನ್ನತೆ ‘ಹೆಚ್ಚು’ ಎಂದಾಗಲೂ ಅವನ ನೆರೆಯವರಲ್ಲಿ ಹತ್ತಕ್ಕೆ ಏಳು ಮಂದಿ ಬೇರೆಯವರೇ. ಗುಂಪು ಚಿಕ್ಕದಾಗಿದ್ದರೆ ಎಷ್ಟೇ ಒತ್ತಟ್ಟಿಗಿದ್ದರೂ ಒಡನಾಟ ಅನಿವಾರ್ಯ. ಗುಂಪು ದೊಡ್ಡದಾಗಿದ್ದರೆ ಸಮನಾಗಿ ಹರಡಿದ್ದರೂ ತಮ್ಮವರೇ ಸುತ್ತ ಇರುತ್ತಾರೆ. ಎರಡು ಸೂಚ್ಯಂಕಗಳು ಎರಡು ಬೇರೆ ಸಂಗತಿಗಳನ್ನು ಹೇಳುತ್ತವೆ. ಯಾವುದು ನಿಜ ಎಂದು ಕೇಳುವುದರಲ್ಲಿ ಅರ್ಥವಿಲ್ಲ.

1988ರಲ್ಲಿ ಡಗ್ಲಸ್ ಮ್ಯಾಸಿ ಮತ್ತು ನ್ಯಾನ್ಸಿ ಡೆಂಟನ್ ಈ ಕಾಡನ್ನು ಸವರಿ ದಾರಿ ಮಾಡಿದರು. 20 ಸೂಚ್ಯಂಕಗಳನ್ನು 60 ಮಹಾನಗರಗಳ ಮೇಲೆ ಪ್ರಯೋಗಿಸಿ, ಇವೆಲ್ಲ ಅಳೆಯುತ್ತಿರುವುದು ಐದು ಮುಖಗಳನ್ನು ಎಂದರು: ಸಮನಾದ ಹಂಚಿಕೆ, ಒಡನಾಟ, ಇಕ್ಕಟ್ಟು, ನಗರಕೇಂದ್ರಕ್ಕಿರುವ ಸಾಮೀಪ್ಯ, ಒಂದೇ ಬಗೆಯ ನೆರೆಹೊರೆಗಳು ಒಂದಕ್ಕೊಂದು ಅಂಟಿಕೊಂಡಿರುವಿಕೆ. ಕೊನೆಯದು ಮುಖ್ಯ. ಹಳೆಯ ಸೂತ್ರಗಳಿಗೆ ಯಾವ ವಾರ್ಡು ಯಾವುದರ ಪಕ್ಕದಲ್ಲಿದೆ ಎಂದು ಗೊತ್ತೇ ಇರಲಿಲ್ಲ. ವಾರ್ಡುಗಳನ್ನು ಕಲಸಿ ಬೇರೆ ಬೇರೆ ಕಡೆ ಇಟ್ಟರೂ ಸಂಖ್ಯೆ ಅದೇ. 2004ರಲ್ಲಿ ಶಾನ್ ರಿಯರ್ಡನ್ ಮತ್ತು ಡೇವಿಡ್ ಓಸಲಿವನ್ ವಾರ್ಡನ್ನೇ ಬಿಟ್ಟು, ಪ್ರತಿ ವ್ಯಕ್ತಿಯ ಸುತ್ತ ಇಷ್ಟು ದೂರದೊಳಗೆ ಯಾರಿದ್ದಾರೆ ಎಂದು ಲೆಕ್ಕ ಹಾಕುವ ವಿಧಾನ ಕೊಟ್ಟರು. ದೂರವನ್ನು ಹಿಗ್ಗಿಸಿ ಕುಗ್ಗಿಸಿ ನೋಡಬಹುದು. ಮನೆ ಮನೆಯ ಮಾಹಿತಿ ಇದ್ದವರಿಗೆ ಇದು ವರ. ನಮ್ಮಲ್ಲಿ ಅದೇ ಇಲ್ಲ.

ಭಾರತಕ್ಕೆ ಬಂದ ಅಳತೆ

ಬೆಂಗಳೂರಿನ ಹಳೆ ಪೇಟೆಯ ಬೀದಿಗಳು ಕಸುಬನ್ನೂ ಜಾತಿಯನ್ನೂ ಬಚ್ಚಿಡುವುದಿಲ್ಲ: ಕುಂಬಾರಪೇಟೆ, ಗಾಣಿಗರಪೇಟೆ, ನಗರ್ತಪೇಟೆ, ತಿಗಳರಪೇಟೆ. 1809ರಿಂದ ಆಚೆ ಕಡೆ ಕಂಟೋನ್ಮೆಂಟ್ ಬೆಳೆಯಿತು. 1898ರ ಪ್ಲೇಗಿನ ಆಸುಪಾಸಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಬಂದವು. ಈ ನಗರಕ್ಕೆ ಪಾರ್ಕ್, ಬರ್ಜೆಸ್‌ರ ಚಿಕಾಗೋ ಮಾದರಿ ಹೊಂದುತ್ತದೆಯೇ ಎಂದು ಮೊದಲು ಕೇಳಿದವರಲ್ಲಿ ನೋಯೆಲ್ ಗಿಸ್ಟ್ ಒಬ್ಬ. 1957ರ ಅವನ ಲೇಖನದ ಉತ್ತರ, ನೇರವಾಗಿ ಹೊಂದುವುದಿಲ್ಲ ಎಂದೇ. 1960ರ ದಶಕದ ಕೊನೆಗೆ ಸುರಿಂದರ್ ಮೆಹ್ತಾ ಪುಣೆಯಲ್ಲಿ 1822ರಿಂದ 1965ರವರೆಗಿನ ಜಾತಿ, ಧರ್ಮಗಳ ವಾಸವನ್ನು ಸೂಚ್ಯಂಕದಿಂದ ಅಳೆದರು. ಅಲ್ಲಿಂದ ಸುಮಾರು ನಾಲ್ಕು ದಶಕ ಈ ಬಗೆಯ ಕೆಲಸ ನಮ್ಮಲ್ಲಿ ವಿರಳವಾಯಿತು.

ಮತ್ತೆ ಚರ್ಚೆ ಎದ್ದದ್ದು 2012ರಲ್ಲಿ. ತ್ರಿನಾ ವಿತಯತಿಲ್ ಮತ್ತು ಗಾಯತ್ರಿ ಸಿಂಗ್ 2001ರ ಗಣತಿಯ ವಾರ್ಡುಗಳನ್ನು ಹಿಡಿದು ಬೆಂಗಳೂರೂ ಸೇರಿ ಏಳು ಮಹಾನಗರಗಳನ್ನು ನೋಡಿದರು. ಎಲ್ಲ ಕಡೆಯೂ ಹಣ, ಉದ್ಯೋಗಗಳ ಆಧಾರದ ಪ್ರತ್ಯೇಕತೆಗಿಂತ ಜಾತಿಯದೇ ಹೆಚ್ಚು ಎಂದು ಕಂಡಿತು. ನಗರದಲ್ಲಿ ಎಲ್ಲವೂ ದುಡ್ಡಿನ ಮೇಲೆ ನಿಂತಿದೆ ಎಂಬ ಸುಲಭದ ನಂಬಿಕೆಗೆ ಅದು ಪೆಟ್ಟು. ಇದೇ ಬಳಗ 2019ರಲ್ಲಿ 2001 ಮತ್ತು 2011ನ್ನು ಹೋಲಿಸಿತು. ನೋಡಿದ ನಗರಗಳಲ್ಲಿ ಐದಕ್ಕೆ ಮೂರರಲ್ಲಿ ಸ್ಥಿತಿ ಹಾಗೇ ಇತ್ತು ಅಥವಾ ಹದಗೆಟ್ಟಿತ್ತು.

ಬೆಂಗಳೂರಿನ ಐಐಎಂನಲ್ಲಿ ದೀಪಕ್ ಮಲಘಾಣ ಮತ್ತು ನವೀನ್ ಭಾರತಿ, ಅವರೊಂದಿಗೆ ಅಂದಲೀಬ್ ರೆಹಮಾನ್, ಇದಕ್ಕೊಂದು ತಿದ್ದುಪಡಿ ತಂದರು. ಮಹಾನಗರದ ಒಂದು ವಾರ್ಡಿನಲ್ಲಿ ಹತ್ತಾರು ಸಾವಿರ ಜನ. ಅಷ್ಟು ದೊಡ್ಡ ಜಾಗದಲ್ಲಿ ಎಲ್ಲರೂ ಬೆರೆತಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಅವರು ಇಳಿದದ್ದು ಗಣತಿ ಬ್ಲಾಕಿಗೆ, ಅಂದರೆ ಒಬ್ಬ ಗಣತಿದಾರ ಸುತ್ತುವ ನೂರಿಪ್ಪತ್ತೈದು ನೂರೈವತ್ತು ಮನೆಗಳ ತುಂಡಿಗೆ. ಅಲ್ಲಿ ನೋಡಿದರೆ ವಾರ್ಡಿನ ಲೆಕ್ಕ ಮುಚ್ಚಿಟ್ಟದ್ದೆಲ್ಲ ಹೊರಬಂತು: ದಲಿತರೇ ಇಲ್ಲದ ನೆರೆಹೊರೆಗಳು, ದಲಿತರೇ ತುಂಬಿದ ನೆರೆಹೊರೆಗಳು, ಎರಡೂ ಒಂದೇ ವಾರ್ಡಿನೊಳಗೆ. 2021ರಲ್ಲಿ ಈ ಗುಂಪು ದೇಶದ 147 ದೊಡ್ಡ ನಗರಗಳನ್ನು ನೋಡಿ, ನಗರ ದೊಡ್ಡದಾದಂತೆ ಪ್ರತ್ಯೇಕತೆ ಇಳಿಯುತ್ತದೆ ಎಂಬುದಕ್ಕೆ ಆಧಾರವಿಲ್ಲ ಎಂದಿತು. ಗ್ರಾಮೀಣ ಕರ್ನಾಟಕದ ಕೋಟಿಗಟ್ಟಲೆ ನಿವಾಸಿಗಳ ಜಾತಿ ಮಾಹಿತಿಯ ಮೇಲೂ ಅವರು ಕೆಲಸ ಮಾಡಿದ್ದಾರೆ. ಹಳ್ಳಿಯೊಳಗಿನ ದೊಡ್ಡ ಕಂದಕ ದಲಿತರು ಮತ್ತು ಉಳಿದವರ ನಡುವಿನದು ಎಂಬುದು ಅದರ ಸಾರ. ಉಡುಪಿ, ಕಾರ್ಕಳಗಳು 147ರ ಪಟ್ಟಿಗೆ ಸೇರುವಷ್ಟು ದೊಡ್ಡವಲ್ಲ. ಸಣ್ಣ ಪಟ್ಟಣಗಳ ಬಗ್ಗೆ ನಮಗಿರುವುದು ಊಹೆ ಮಾತ್ರ.

ಮುಸ್ಲಿಮರ ವಿಷಯದಲ್ಲಿ ಕಷ್ಟ ಇನ್ನೊಂದು ಬಗೆಯದು, ವಾರ್ಡು ಮಟ್ಟದ ಧರ್ಮದ ಅಂಕಿಯನ್ನು ಗಣತಿ ಕೊಡುವುದೇ ಇಲ್ಲ. 2012ರಲ್ಲಿ ಲೊರಾಂ ಗಾಯೆ ಮತ್ತು ಕ್ರಿಸ್ತೋಫ್ ಜಾಫ್ರೆಲೊ ಸಂಪಾದಿಸಿದ ಪುಸ್ತಕ ಹನ್ನೊಂದು ನಗರಗಳನ್ನು ಹತ್ತಿರದಿಂದ ನೋಡಿತು. ಅದರಲ್ಲಿ ಬೆಂಗಳೂರು ತುಲನೆಯಲ್ಲಿ ನಿರಾಳವಾಗಿರುವ ಊರಾಗಿ ಬರುತ್ತದೆ. ರಾಫೆಲ್ ಸೂಸೆವಿಂಡ್ ಮತದಾರರ ಪಟ್ಟಿಯ ಹೆಸರುಗಳಿಂದ ಧರ್ಮ ಊಹಿಸಿ ಮತಗಟ್ಟೆವಾರು ಅಳೆದ. ಈಚೆಗೆ ಸ್ಯಾಮ್ ಆಶರ್, ಪಾಲ್ ನೊವೊಸಾದ್ ಮತ್ತು ಸಂಗಡಿಗರು 2011-12ರ ಸಾಮಾಜಿಕ ಆರ್ಥಿಕ ಗಣತಿಯ ಹೆಸರುಗಳನ್ನೇ ಬಳಸಿ ದೇಶದ 15 ಲಕ್ಷ ನೆರೆಹೊರೆಗಳನ್ನು ನೋಡಿದರು. ಮುಸ್ಲಿಮರ, ಪರಿಶಿಷ್ಟರ ಪ್ರತ್ಯೇಕತೆ ಅಮೆರಿಕದ ಕರಿಯರದಕ್ಕಿಂತ ಸ್ವಲ್ಪವೇ ಕಡಿಮೆ ಎಂಬುದು ಅವರ ಲೆಕ್ಕ. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ: ಶಾಲೆ, ಆಸ್ಪತ್ರೆ, ನೀರು, ಚರಂಡಿಗಳ ಹಂಚಿಕೆ ಜಿಲ್ಲೆಯ ಮಟ್ಟದಲ್ಲಿ ನ್ಯಾಯವಾಗಿಯೇ ಕಾಣುತ್ತದೆ. ಅನ್ಯಾಯ ನಡೆಯುವುದು ಒಂದೇ ಊರಿನೊಳಗೆ, ಒಂದು ಬೀದಿಗೂ ಇನ್ನೊಂದಕ್ಕೂ ನಡುವೆ. ವಿಧಾನಸಭೆಯಲ್ಲಿ ಯಾರೂ ಚರ್ಚಿಸದ, ಪುರಸಭೆ ಪಂಚಾಯಿತಿಗಳ ಕೋಣೆಯಲ್ಲಿ ಮುಗಿದುಹೋಗುವ ತೀರ್ಮಾನಗಳವು.

ಹೆಸರಿನಿಂದ ಗುಂಪು ಊಹಿಸುವ ಈ ಉಪಾಯವನ್ನು ನಮ್ಮ ಉಡುಪಿ ಜಿಲ್ಲೆಗೆ ತಂದರೆ ಧರ್ಮದ ಮಟ್ಟಿಗೆ ನಡೆದೀತು, ಜಾತಿಗೆ ಬಂದಾಗ ಎಡವುತ್ತದೆ. ಹೆಗ್ಡೆ ಎಂದರೆ ಬಂಟರೂ ಹೌದು, ಜೈನರೂ ಹೌದು, ಘಟ್ಟದ ಮೇಲಿನ ಹವ್ಯಕರೂ ಹೌದು. ನಾಯಕ್ ಎಂಬ ಹೆಸರಿನಲ್ಲಿ ಕೊಂಕಣಿ ಮಾತಾಡುವ ಗೌಡ ಸಾರಸ್ವತರಿದ್ದಾರೆ, ಮರಾಟಿಗರಿದ್ದಾರೆ. ಕಂಪ್ಯೂಟರು ಇದನ್ನು ಹೇಗೆ ಬಿಡಿಸಿತು ಎಂದು ಕಾರ್ಕಳದ ಯಾವ ಅಂಚೆಯವರಾದರೂ ಕುತೂಹಲದಿಂದ ಕೇಳಿಯಾರು.

ಬೈಲು, ಗುಡ್ಡೆ, ಐದು ಸೆಂಟ್ಸ್

ಬಯಲುಸೀಮೆಯ ಹಳ್ಳಿಯಲ್ಲಿ ಊರು ಒಂದು ಕಡೆ, ಕೇರಿ ಒಂದು ಕಡೆ. ಗೆರೆ ಎಳೆಯುವುದು ಸುಲಭ. ತುಳುನಾಡಿನ ಗ್ರಾಮ ಹಾಗಿಲ್ಲ. ಬೈಲಿನ, ಅಂದರೆ ತಗ್ಗಿನ ಗದ್ದೆಯ, ಅಂಚಿಗೆ ಒಂದು ಮನೆ, ತೋಟದ ನಡುವೆ ಇನ್ನೊಂದು, ಗುಡ್ಡೆ ಹತ್ತಿದರೆ ಮತ್ತೊಂದು. ಗುತ್ತಿನ ಮನೆಯ, ಅಂದರೆ ಊರಿನ ಭೂಮಾಲಿಕರ ಮನೆಯ, ಸುತ್ತ ಒಕ್ಕಲುಗಳ ಮನೆ, ದುಡಿಯುವವರ ಬಿಡಾರ ಬೆಟ್ಟಿನ ಬದಿಗೆ. ಇಂಥ ಕಡೆ ದೊಡ್ಡ ವೃತ್ತ ಎಳೆದು ಎಣಿಸಿದರೆ ಎಲ್ಲ ಜಾತಿಯವರೂ ಸಿಕ್ಕುತ್ತಾರೆ, ಸೂಚ್ಯಂಕ ಕೆಳಗಿರುತ್ತದೆ. ಆದರೆ ಯಾವ ದಾರಿಯಲ್ಲಿ ಯಾರು ನಡೆಯಬಹುದಿತ್ತು, ಯಾವ ಬಾವಿಗೆ ಯಾರು ಕೊಡಪಾನ ಇಳಿಸಬಹುದಿತ್ತು, ಚಾವಡಿಯ ಎಲ್ಲಿಯವರೆಗೆ ಬರಬಹುದಿತ್ತು ಎಂಬುದರಲ್ಲಿ ಇದ್ದ ಅಂತರ ಆ ಸಂಖ್ಯೆಗೆ ಬರುವುದಿಲ್ಲ. ಇಲ್ಲಿ ಅಸ್ಪೃಶ್ಯತೆ ಫರ್ಲಾಂಗುಗಟ್ಟಲೆ ದೂರವನ್ನು ಕೇಳಲಿಲ್ಲ, ಮಾರು ಹೆಜ್ಜೆಗಳ ಕಟ್ಟಳೆಯಲ್ಲೇ ಕೆಲಸ ಮುಗಿಸಿತು. ಪಾರ್ಕ್‌ನ ಸಿದ್ಧಾಂತ ಎಡವುವ ಜಾಗ ಇದು.

ಇದಕ್ಕೆ ಅಪವಾದಗಳೂ ಇವೆ. ಮಲ್ಪೆಯಿಂದ ಕಾಪುವಿನವರೆಗೆ ಕಡಲ ಬದಿಯ ಮರಳ ಪಟ್ಟಿಯ ಮೇಲೆ ಮೀನುಗಾರ ಮೊಗವೀರರ ಪಟ್ಣಗಳು, ಅಂದರೆ ಒತ್ತಾದ ವಸತಿಗಳು, ಸಾಲಾಗಿವೆ. ರಂಪಣಿ ಬಲೆ ಎಳೆಯಲು ಹತ್ತಾರು ಮಂದಿ ಕರೆದಾಕ್ಷಣ ಓಡಿಬರಬೇಕಾಗಿದ್ದ ಕಾಲದಲ್ಲಿ ದೂರ ದೂರ ಮನೆ ಮಾಡುವುದು ಆಗದ ಮಾತು. ಉಡುಪಿಯ ರಥಬೀದಿಯ ಸುತ್ತ ಅಷ್ಟಮಠಗಳು, ಕಾರ್ಕಳದಲ್ಲಿ ವೆಂಕಟರಮಣ ದೇವಸ್ಥಾನದ ರಥಬೀದಿಯಲ್ಲಿ ಗೌಡ ಸಾರಸ್ವತರು, ದಾನಶಾಲೆಯಲ್ಲಿ ಜೈನ ಮಠ, 1586ರ ಚತುರ್ಮುಖ ಬಸದಿ, ಹಿರಿಯಂಗಡಿಯ ಬಸದಿಗಳು, ಸ್ವಲ್ಪ ಆಚೆಗೆ ಅತ್ತೂರಿನ ಚರ್ಚು. ಹಳೆ ಪೇಟೆಯ ನಕ್ಷೆಯನ್ನು ದೇವರು ಮತ್ತು ವ್ಯಾಪಾರ ಸೇರಿ ಬರೆದಂತಿದೆ. ಇಂಥ ಬೀದಿಗಳಲ್ಲಿ ಜಾಗ ಯಾರ ಕೈಯಲ್ಲಿದೆ ಎಂಬುದೇ ಯಾರು ವಾಸಿಸಬೇಕು ಎಂಬುದನ್ನೂ ನಿರ್ಧರಿಸುತ್ತದೆ.

ಹಳೆಯದಕ್ಕಿಂತ ಹೊಸ ಪ್ರತ್ಯೇಕತೆಯ ಕಡೆ ನಾವು ಹೆಚ್ಚು ನೋಡಬೇಕು ಎಂಬುದು ನನ್ನ ಅಭಿಪ್ರಾಯ. 1974ರ ಭೂಸುಧಾರಣಾ ತಿದ್ದುಪಡಿ ಈ ಜಿಲ್ಲೆಯ ಚಿತ್ರವನ್ನೇ ಬದಲಿಸಿತು. ಗೇಣಿಗೆ ಮಾಡುತ್ತಿದ್ದವರು ಡಿಕ್ಲರೇಷನ್ ಕೊಟ್ಟು ತಾವು ಉಳುತ್ತಿದ್ದ ನೆಲಕ್ಕೇ ಒಡೆಯರಾದರು, ಇದ್ದಲ್ಲೇ ಬೇರು ಬಿಟ್ಟರು. ಗೇಣಿ ಚೀಟಿಯೇ ಇಲ್ಲದೆ ಕೂಲಿಗಿದ್ದವರಿಗೆ, ಅವರಲ್ಲಿ ದೊಡ್ಡ ಪಾಲು ದಲಿತರಿಗೆ, ಆ ಬಾಗಿಲು ತೆರೆಯಲಿಲ್ಲ. ಅವರಿಗೆ ಸಿಕ್ಕಿದ್ದು ಸರಕಾರಿ ಗುಡ್ಡೆಯ ಮೇಲೆ ಐದು ಸೆಂಟ್ಸ್ ನಿವೇಶನ, ಜನತಾ ಮನೆ, ಕಾಲನಿ. ಚದುರಿದ್ದ ಮನೆಗಳು ಒಂದೆಡೆ ಸೇರಿದವು. ಬೈಲಿನಲ್ಲಿ ಬಾವಿ ತೋಡಿದರೆ ನೀರು, ಮುರಕಲ್ಲಿನ ಗುಡ್ಡೆಯ ಮೇಲೆ ಬೇಸಿಗೆ ಬಂದರೆ ಟ್ಯಾಂಕರು. ಕಾಲನಿಗೂ ಕೆಳಗಿನ ತೋಟದ ಮನೆಗೂ ನಕ್ಷೆಯ ಮೇಲೆ ಇನ್ನೂರು ಮುನ್ನೂರು ಮೀಟರು. ರಿಯರ್ಡನ್ನರ ವೃತ್ತದೊಳಗೆ ಇಬ್ಬರೂ ನೆರೆಯವರು. ಏರು, ನೀರು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಸೂಚ್ಯಂಕವನ್ನು ನಾನು ಕಂಡಿಲ್ಲ. ಕರಾವಳಿಗೆ ಬೇಕಾದದ್ದು ಅಂಥದ್ದು.

ಮತ್ತೊಂದು ತೊಡಕು ಶುದ್ಧ ಗಣಿತದ್ದು. ಉಡುಪಿ ಜಿಲ್ಲೆಯಲ್ಲಿ 2011ರಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ ಸುಮಾರು 6.4, ಪಂಗಡದವರು 4.5. ರಾಜ್ಯದಲ್ಲಿ ಪರಿಶಿಷ್ಟ ಜಾತಿ 17ಕ್ಕೂ ಮೇಲು. 140 ಮನೆಯ ಒಂದು ಬ್ಲಾಕಿನಲ್ಲಿ 6.4ರ ಲೆಕ್ಕದಲ್ಲಿ ಒಂಬತ್ತು ಮನೆ ಇರಬೇಕು. ಎಲ್ಲರಿಗೂ ಚೀಟಿ ಎತ್ತಿ ಮನೆ ಹಂಚಿದರೂ ಒಂದು ಬ್ಲಾಕಿಗೆ ಆರು, ಇನ್ನೊಂದಕ್ಕೆ ಹನ್ನೆರಡು ಬೀಳುವುದು ಸಹಜ. ಆ ಆಕಸ್ಮಿಕ ಏರುಪೇರೇ ಭಿನ್ನತಾ ಸೂಚ್ಯಂಕವನ್ನು 0.14ರಷ್ಟು ಮೇಲೆತ್ತುತ್ತದೆ. ಯಾರ ದ್ವೇಷವೂ ಇಲ್ಲದೆ, ಯಾರ ಆಯ್ಕೆಯೂ ಇಲ್ಲದೆ. ಸೂಚ್ಯಂಕವನ್ನು ಶೂನ್ಯದೊಂದಿಗೆ ಹೋಲಿಸಬಾರದು, ಚೀಟಿಯ ಹಂಚಿಕೆಯೊಂದಿಗೆ ಹೋಲಿಸಬೇಕು ಎಂದು ಚಾರ್ಲ್ಸ್ ಕೊರ್ಟೀಸ್ ಮತ್ತು ಇತರರು 1976ರಲ್ಲೇ ವಾದಿಸಿದ್ದರು. ನಮ್ಮಲ್ಲಿ ಅದಕ್ಕೂ ಒಂದು ಕೊಸರು ಇದೆ: ಕುಟುಂಬದ ಜಾಗ ಪಾಲಾದಾಗ ಅಣ್ಣ, ತಮ್ಮ, ತಂಗಿ ಒಂದೇ ಹಿತ್ತಿಲಲ್ಲಿ ಮೂರು ಮನೆ ಕಟ್ಟುತ್ತಾರೆ. ಚೀಟಿ ಎತ್ತುವುದು ಮನೆಗೋ, ಕುಟುಂಬಕ್ಕೋ?

ಯಾಕೆ ಹೀಗೆ: ನಾಲ್ಕು ಉತ್ತರಗಳು

ಒಂದು ಪಂಥ ಆಯ್ಕೆಯನ್ನು ಮುಂದಿಡುತ್ತದೆ. ತಾಮಸ್ ಶೆಲಿಂಗ್ 1971ರಲ್ಲಿ ಚದುರಂಗದ ಮಣೆಯಂಥ ಚೌಕಗಳ ಮೇಲೆ ಎರಡು ಬಗೆಯ ಬಿಲ್ಲೆಗಳನ್ನಿಟ್ಟು ಆಡಿದ. ನೆರೆಯವರಲ್ಲಿ ಮೂರರಲ್ಲೊಬ್ಬ ನನ್ನಂಥವನಿದ್ದರೆ ಸಾಕು ಎನ್ನುವ ಸೌಮ್ಯ ಬಯಕೆಯೂ ಕೆಲವು ನಡೆಗಳಲ್ಲಿ ಮಣೆಯನ್ನು ಎರಡು ಹೋಳು ಮಾಡುತ್ತದೆ. 2005ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಶೆಲಿಂಗ್‌ನ ಈ ಆಟ ಎಲ್ಲೆಡೆ ಪ್ರಸಿದ್ಧ. ಬೇರ್ಪಟ್ಟ ಊರಿಗೆ ದುಷ್ಟರೇ ಬೇಕಿಲ್ಲ ಎಂದು ಅದು ವಿವರಿಸುತ್ತದೆ. ಆದರೆ ಬಿಲ್ಲೆಗೆ ಬೇಕಾದ ಚೌಕಕ್ಕೆ ಹೋಗುವ ಸ್ವಾತಂತ್ರ್ಯವಿದೆ. ಮನೆ ಹುಡುಕುವವರಿಗೆ ಆ ಸ್ವಾತಂತ್ರ್ಯವಿಲ್ಲ.

ಎರಡನೆಯ ಪಂಥ ಹಿಡಿಯುವುದು ಅದನ್ನೇ. 2015ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಮುತ್ತ ಮೇಲ್ಜಾತಿ, ದಲಿತ, ಮುಸ್ಲಿಂ ಹೆಸರುಗಳಲ್ಲಿ ಬಾಡಿಗೆ ಮನೆ ಕೇಳಿ ನೋಡಿದರು. ದಲಿತರಿಗೆ, ಇನ್ನೂ ಹೆಚ್ಚಾಗಿ ಮುಸ್ಲಿಮರಿಗೆ, ಬಾಗಿಲು ಮುಚ್ಚಿತು ಅಥವಾ ಷರತ್ತು ಬಿಗಿಯಾಯಿತು. ಮೀನು ತಿನ್ನುವವರೇ ಹೆಚ್ಚಿರುವ ನಮ್ಮ ಕಡೆಯೂ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಫಲಕ ಅಪರೂಪವಲ್ಲ. ಅದು ಅಡುಗೆಯ ಬಗ್ಗೆ ಹೇಳುತ್ತಿದೆ ಎಂದು ಯಾರೂ ಪೂರ್ತಿ ನಂಬುವುದಿಲ್ಲ. ಕಾನೂನು ಇಲ್ಲಿ ಮೆತ್ತಗಿದೆ. 2005ರಲ್ಲಿ ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ, ತಮ್ಮ ಸಮುದಾಯದವರಿಗೆ ಮಾತ್ರ ಸದಸ್ಯತ್ವ ಎಂಬ ಉಪನಿಯಮವನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

ಮೂರನೆಯದು ದುಡ್ಡು. ಬಡವರು ಅಗ್ಗದ ಕಡೆ ಹೋಗುತ್ತಾರೆ, ಜಾತಿ ಅದರ ನೆರಳು ಮಾತ್ರ ಎನ್ನುವ ವಾದ. ಏಳು ಮಹಾನಗರಗಳ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ಮಣಿಪಾಲದಲ್ಲಿ ಮಾತ್ರ ಸ್ವಲ್ಪ ಹೊಂದುತ್ತದೆ. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಬರುವ ಮೊದಲು ಬೋಳು ಗುಡ್ಡೆಯಾಗಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳ ಸಾಲು; ಅಲ್ಲಿನ ವಿಂಗಡಣೆ ಬಾಡಿಗೆ, ಭಾಷೆ, ವಯಸ್ಸುಗಳದ್ದು.

ನಾಲ್ಕನೆಯ ಉತ್ತರ ಸರಕಾರ. ಅಮೆರಿಕದಲ್ಲಿ ಗೃಹಸಾಲದ ನಿಯಮಗಳು ಕರಿಯರನ್ನು ಬೇರ್ಪಡಿಸಿದ ಕೆಲಸವನ್ನು ನಮ್ಮಲ್ಲಿ ನಿವೇಶನ ಹಂಚಿಕೆ ಮಾಡಿದೆ. ಒಳ್ಳೆಯ ಉದ್ದೇಶದ ಯೋಜನೆ, ಸಿಕ್ಕಿದ ಸರಕಾರಿ ಗುಡ್ಡೆ, ಒಂದೇ ವರ್ಗದ ಫಲಾನುಭವಿಗಳ ಪಟ್ಟಿ. ನಮ್ಮ ಜಿಲ್ಲೆಯ ಮಟ್ಟಿಗೆ ಈ ಉತ್ತರಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ಇವರೆಲ್ಲರನ್ನೂ ಪ್ರಶ್ನಿಸುವ ಇನ್ನೊಂದು ಗುಂಪಿದೆ. ಮನೆ ಎಂದರೆ ರಾತ್ರಿ ಮಲಗುವ ಜಾಗ. ಹಗಲು ಜನ ಎಲ್ಲಿರುತ್ತಾರೆ ಎನ್ನುತ್ತದೆ ಅದು. ಶಾಲೆ, ಬಸ್ಸು, ಸಂತೆ, ಗೇರುಬೀಜದ ಕಾರ್ಖಾನೆ, ಭೂತಕೋಲ ನಡೆಯುವ ಗದ್ದೆ. ಮಾತು ಸರಿ. ಆದರೆ ಹಗಲು ಬೆರೆಯುವುದು ಸಮಾನರಾಗಿ ಬೆರೆಯುವುದಲ್ಲ ಎಂದು ಗುತ್ತಿನ ಅಂಗಳ ಕಂಡವರಿಗೆ ಗೊತ್ತು.

ಇತ್ಯರ್ಥವಾಗದೆ ಉಳಿದದ್ದು

ಅಳೆಯುವ ತುಂಡು ಎಷ್ಟು ಚಿಕ್ಕದಿರಬೇಕು ಎಂಬುದರಲ್ಲಿ ಒಮ್ಮತವಿಲ್ಲ. ಬ್ಲಾಕಿಗೆ ಇಳಿದರೆ ಆಕಸ್ಮಿಕದ ಗದ್ದಲ, ವಾರ್ಡಿಗೆ ಏರಿದರೆ ಮರೆಮಾಚುವಿಕೆ. ಯಾವ ಗುಂಪುಗಳನ್ನು ಹಿಡಿಯಬೇಕು ಎಂಬುದರಲ್ಲೂ ಇಲ್ಲ: ಪರಿಶಿಷ್ಟ ಜಾತಿ ಎಂದು ಒಟ್ಟುಗೂಡಿಸಿದರೆ ಒಳಗಿನ ಅಂತರ ಕಾಣದು, ಜಾತಿ ಜಾತಿಯಾಗಿ ಬಿಡಿಸಿದರೆ ಸಂಖ್ಯೆಗಳು ತೀರ ಚಿಕ್ಕವಾಗುತ್ತವೆ.

2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡ ರಾಷ್ಟ್ರೀಯ ಗಣತಿಯಲ್ಲಿ ಜಾತಿಯ ಎಣಿಕೆಯೂ ಇದೆ. ರಾಜ್ಯದ ಹಿಂದುಳಿದ ವರ್ಗಗಳ ಆಯೋಗ 2025ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ಸಮೀಕ್ಷೆಯಲ್ಲಿ ಮನೆಗಳನ್ನು ವಿದ್ಯುತ್ ಮೀಟರಿನ ಆಧಾರದಿಂದ ಗುರುತಿಸಿ ಸ್ಟಿಕ್ಕರ್ ಅಂಟಿಸಲಾಯಿತು. ಮನೆ ಮನೆಯ ಮಾಹಿತಿ ಕೈಗೆಟುಕುವಷ್ಟು ಹತ್ತಿರ ಬಂದಿದೆ. ಅದನ್ನು ಯಾವ ಮಟ್ಟದವರೆಗೆ ಪ್ರಕಟಿಸಬೇಕು? ಸಂಶೋಧಕನಿಗೆ ಬೀದಿಯ ಲೆಕ್ಕ ಬೇಕು. ಅದೇ ಬೀದಿಯ ಲೆಕ್ಕ ಗಲಭೆಕೋರನಿಗೂ, ಮನೆ ದಳ್ಳಾಳಿಗೂ ಬೇಕು. ಎರಡನ್ನೂ ಸಂಭಾಳಿಸುವ ನಿಯಮ ನಮ್ಮಲ್ಲಿ ರೂಪುಗೊಂಡಿಲ್ಲ.

ಪ್ರತ್ಯೇಕತೆ ತನ್ನಷ್ಟಕ್ಕೆ ಕೆಟ್ಟದ್ದೇ ಎಂಬ ಪ್ರಶ್ನೆ ಎಲ್ಲಕ್ಕಿಂತ ಹಳೆಯದು. ಬ್ರಿಟನ್ನಿನ ಸೆರಿ ಪೀಚ್ 1996ರಲ್ಲಿ ಒಳ್ಳೆಯ ಪ್ರತ್ಯೇಕತೆ, ಕೆಟ್ಟ ಪ್ರತ್ಯೇಕತೆ ಎಂದು ಎರಡು ಮಾಡಿದರು. ಭಾಷೆ, ಪೂಜೆ, ಮದುವೆ, ಪರಸ್ಪರ ಆಸರೆಗೆ ಜನ ಒತ್ತಟ್ಟಿಗೆ ಇರುವುದು ಒಂದು. ಬೇರೆಡೆ ಹೋಗಲು ಬಿಡದೆ ಕೂಡಿಹಾಕುವುದು ಮತ್ತೊಂದು. ಸಂಖ್ಯೆಗೆ ಎರಡೂ ಒಂದೇ. ಸಿಂಗಪುರ 1989ರಿಂದ ಸರಕಾರಿ ವಸತಿ ಕಟ್ಟಡಗಳಲ್ಲಿ ಪ್ರತಿ ಜನಾಂಗಕ್ಕೆ ಮಿತಿ ಹಾಕಿ ಬಲವಂತವಾಗಿ ಬೆರೆಸಿತು. ಅಲ್ಲಿನ ಅಲ್ಪಸಂಖ್ಯಾತರು ಮನೆ ಮಾರುವಾಗ ಕೊಳ್ಳುವವರ ವಲಯ ಕಿರಿದಾಗಿ ಕಷ್ಟಪಡುವುದೂ ಅದರ ಫಲವೇ.

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಆದಿವಾಸಿ ಕೊರಗರ ಮುಂದೆ ತೀಕ್ಷ್ಣವಾಗಿ ನಿಲ್ಲುತ್ತದೆ. ಅವರನ್ನು ಅವಮಾನಕರವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು 2000ದ ಕಾಯಿದೆ ನಿಷೇಧಿಸಿತು. ಅವರು ಒತ್ತಟ್ಟಿಗೆ ವಾಸಿಸುವ ಕೊಪ್ಪಗಳನ್ನು ಏನು ಮಾಡಬೇಕು ಎಂಬುದು ಬೇರೆ ಮಾತು. ಹೊಸ ನಿವೇಶನಗಳನ್ನು ಒಂದೇ ಕಡೆ ಕೊಟ್ಟರೆ ಹಳೆಯ ಗೆರೆ ಕಾಂಕ್ರೀಟಿನಲ್ಲಿ ಗಟ್ಟಿಯಾಗುತ್ತದೆ. ಗ್ರಾಮದ ತುಂಬ ಹಂಚಿಕೊಟ್ಟರೆ ಎಲ್ಲ ಸೂಚ್ಯಂಕಗಳೂ ಇಳಿಯುತ್ತವೆ. ಆದರೆ ಈಗಾಗಲೇ ಸಂಖ್ಯೆಯಲ್ಲಿ ಕುಗ್ಗುತ್ತಿರುವ ಸಮುದಾಯದ ಒಂದೊಂದು ಮನೆ ತನ್ನ ಭಾಷೆ ಆಡುವ ನೆರೆಯವರಿಲ್ಲದೆ ಒಂಟಿಯಾಗುತ್ತದೆ. ಇದನ್ನು ತೀರ್ಮಾನಿಸುವ ಕಡತಗಳು ತಹಶೀಲ್ದಾರರ ಕಚೇರಿಯಲ್ಲಿ ಸಾಗುತ್ತಿರುತ್ತವೆ, ಎರಡೂ ದಾರಿಗಳ ಪರಿಣಾಮವನ್ನು ಪಕ್ಕ ಪಕ್ಕ ಇಟ್ಟು ಅಳೆದ ಅಧ್ಯಯನ ಅವುಗಳೊಂದಿಗೆ ಇರುವುದಿಲ್ಲ.